ಭಾವನ ಕಾರಿಗೆ ಒಪ್ಪುವ ಟ್ರೈಲರು

ನಮ್ಮ ಭಾವ ನಿಂಗಣ್ಣನವರು ಯಾವ ಗಾಡಿ ಕಂಡರೂ ಮೊದಲು ಅದರ ಮುಂದೆ ಮಲಗಿಬಿಡುತ್ತಿದ್ದರು. ಹೆಗಲ ಮೇಲಿನ ಟವೆಲ್ಲನ್ನು ರಸ್ತೆಗೆ ಹಾಸಿ, ಬಿಳಿ ಪಂಚೆಯ ಅಂಚನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಎಡಗೆನ್ನೆಯನ್ನು ನೆಲಕ್ಕೆ ಕೊಟ್ಟು, ಒಂದು ಕಣ್ಣು ಮುಚ್ಚಿ ಅದರ ಹೊಟ್ಟೆಯ ಕೆಳಗೆ ನೋಡುವರು. ಕಬ್ಬಿನ ಟ್ರಾಕ್ಟರಿರಲಿ, ಹಾಲಿನ ವ್ಯಾನಿರಲಿ, ಕಲ್ಲು ಹೊರುವ ಲಾರಿಯಿರಲಿ, ಎಲ್ಲಕ್ಕೂ ಒಂದೇ ಮರ್ಯಾದೆ. ನಮ್ಮೂರು ಚಿನಕುರಳಿಯ ಬಸ್ ನಿಲ್ಲುವ ಜಾಗದಲ್ಲಿ ಹೊಸಬರು ಯಾರಾದರೂ ಇದ್ದರೆ ಗಾಬರಿಯಿಂದ ನೀರು ತರಲು ಓಡುತ್ತಿದ್ದರು. ಊರಿನವರು ಮಾತ್ರ ‘ಅಳತೆ ಆಯ್ತಾ ನಿಂಗಣ್ಣ?’ ಎಂದು ಕೇಳಿ ತಮ್ಮ ಪಾಡಿಗೆ ದಾಟಿಹೋಗುವರು. ಭಾವ ಎದ್ದು, ಕೆನ್ನೆಯ ಮಣ್ಣು ಒರೆಸಿಕೊಂಡು, ‘ಅಡಿ ಸರಿಯಾಗಿ ಅದೆ, ಮೈ ಸರಿಯಿಲ್ಲ’ ಎಂದೋ, ‘ಮೈ ಸರಿಯಾಗಿ ಅದೆ, ಅಡಿ ಸರಿಯಿಲ್ಲ’ ಎಂದೋ ತೀರ್ಪು ಕೊಡುವರು. ಎರಡೂ ಸರಿಯಿರುವ ಗಾಡಿ ಅವರಿಗೆ ಬಹಳ ಕಾಲ ಸಿಕ್ಕಲಿಲ್ಲ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾದವರಲ್ಲ. ಹರೆಯದಲ್ಲೇ ‘ಬೂಮಿ ನೀನೇ ನೋಡ್ಕೊಳ್ಲಾ’ ಎಂದು ತಮ್ಮನಿಗೆ ಹೇಳಿ ಮೈಸೂರು ಸೇರಿ, ಅಲ್ಲಿನ ಒಂದು ಸಿರಿವಂತರ ಮನೆಯಲ್ಲಿ ಡ್ರೈವರಾಗಿ ನಿಂತಿದ್ದರು. ಆ ಮನೆಯ ಹಿರಿಯರನ್ನು ಕೊನೆಯವರೆಗೂ ‘ಬುದ್ಧಿಯೋರು’ ಎಂದೇ ಕರೆಯುತ್ತಿದ್ದರು. ಬುದ್ಧಿಯೋರಿಗೆ ಕಾರಿನ ಹುಚ್ಚು. ಅವರಲ್ಲಿದ್ದ ಕಾರುಗಳಲ್ಲಿ ಒಂದು, ಪಂದ್ಯದಲ್ಲಿ ಓಡಿಸುವ ಜಾತಿಯದು, ಹಡಗಿನಲ್ಲಿ ಬಂದದ್ದಂತೆ. ಬುದ್ಧಿಯೋರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುವಾಗ, ಇದನ್ನು ಪಳಗಿಸಿದವನು ನೀನೊಬ್ಬನೇ, ನೀನೇ ಇಟ್ಟುಕೋ ಎಂದು ಭಾವನ ಕೈಗೆ ಬೀಗದ ಕೈ ಕೊಟ್ಟರಂತೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಸಂಜೆ ನಾನು ಜಗುಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಬಂದ ಆ ಕಾರು ಹಿಂದೆ ಓಡಿಬರುತ್ತಿದ್ದ ಮಕ್ಕಳ ಸಮೇತ ನಮ್ಮ ಅಂಗಳಕ್ಕೆ ತಿರುಗಿ ನಿಂತಿತು. ಮಾಗಿದ ನೇರಳೆಹಣ್ಣಿನ ಬಣ್ಣ. ಮುಂದೆ ಉದ್ದನೆಯ ಮೂತಿ, ಹಿಂದೆ ಗಿಡ್ಡ ಬಾಲ, ಕೂರಲು ಇಬ್ಬರಿಗಷ್ಟೇ ಜಾಗ. ಪಕ್ಕದಲ್ಲಿ ನಿಂತರೆ ಅದರ ನೆತ್ತಿ ನನ್ನ ಎದೆಗೂ ಬರುತ್ತಿರಲಿಲ್ಲ. ಹೊಟ್ಟೆಯಂತೂ ನೆಲಕ್ಕೆ ಅಂಟಿದಂತಿತ್ತು. ಕೋಳಿಮರಿಗಳು ಅದರ ಕೆಳಗೆ ನುಸುಳಿಹೋಗುತ್ತಿದ್ದವು, ತಾಯಿಕೋಳಿಗೆ ಹೋಗಲು ಆಗುತ್ತಿರಲಿಲ್ಲ. ಅದು ಸುತ್ತ ಸುತ್ತ ತಿರುಗಿ ಕೂಗಿ ಕೂಗಿ ಸುಸ್ತಾಗಿ ಚಕ್ರದ ಪಕ್ಕ ಕೂತುಬಿಡುವುದು. ಇದು ನಮ್ಮ ಮನೆಯ ದಿನನಿತ್ಯದ ನೋಟವಾಯಿತು.

ಆ ಸಂಜೆ ರಸ್ತೆಯೂ ಅಂಗಳವೂ ಒಂದೇ ಸಮವಿದ್ದವು. ಆಮೇಲೆ ರಸ್ತೆ ಬೆಳೆಯತೊಡಗಿತು. ನಮ್ಮೂರ ಸುತ್ತ ಕಲ್ಲಿನ ಕ್ವಾರಿಗಳು; ಲಾರಿಗಳು ಓಡಾಡಿ ರಸ್ತೆ ಹಾಳಾಗುವುದು, ಹಾಳಾದ ರಸ್ತೆಯ ಮೇಲೆ ಹೊಸ ಜಲ್ಲಿ ಸುರಿದು ಡಾಂಬರು ಹಾಕುವುದು. ಹಳೆಯದನ್ನು ಕಿತ್ತು ಹಾಕುವ ಪದ್ಧತಿ ನಮ್ಮ ಕಡೆ ಇಲ್ಲ. ಪ್ರತಿಸಲವೂ ರಸ್ತೆ ಒಂದು ಗೇಣು ಏರುವುದು, ನಮ್ಮ ಅಂಗಳ ಅಷ್ಟೇ ಇಳಿದಂತೆ ಕಾಣುವುದು. ಮೊದಲ ಸಲ ಭಾವ ಹಲಗೆ ಕೊಟ್ಟು ಕಾರನ್ನು ಹೊರಗೆ ತೆಗೆದರು. ಎರಡನೆಯ ಸಲಕ್ಕೆ ಚರಂಡಿಯೂ ಬಂತು, ಅದರ ಮೇಲೆ ಚಪ್ಪಡಿ ಬಂತು. ಹೊರಗೆ ತೆಗೆಯಲು ಹೋದಾಗ ಕಾರಿನ ಮೂತಿ ಚಪ್ಪಡಿಗೆ ತಗುಲಿ, ಬಾಣಲೆಯನ್ನು ಕಲ್ಲಿನ ಮೇಲೆ ಎಳೆದಂಥ ಸದ್ದಾಯಿತು. ಭಾವ ಹಾಗೇ ಹಿಂದಕ್ಕೆ ಬಿಟ್ಟುಕೊಂಡು, ಇಳಿದು, ಮೂತಿಯನ್ನು ಅಂಗೈಯಿಂದ ಸವರಿದರು. ಅಲ್ಲಿಂದಾಚೆಗೆ ಕಾರು ಅಂಗಳ ದಾಟಲಿಲ್ಲ. ಅದನ್ನು ಹೊತ್ತು ದಾಟಿಸಬಲ್ಲ ಗಾಡಿ ಯಾವುದೆಂದು ಭಾವ ಕಂಡ ಕಂಡ ಗಾಡಿಯ ಮುಂದೆ ಮಲಗಿ ಅಳೆಯತೊಡಗಿದ್ದು ಆಗಿನಿಂದಲೇ.

ಪ್ರತಿ ಶುಕ್ರವಾರ ಮಿಂದು, ವಿಭೂತಿ ಹಚ್ಚಿಕೊಂಡು ಅವರು ಕಾರಿನೊಳಗೆ ಕೂತು ಅದನ್ನು ಚಾಲೂ ಮಾಡುವರು. ಅದು ನಿಂತಲ್ಲೇ ಗುಡುಗುವುದು. ಪೆಟ್ರೋಲಿನ ಹೊಗೆ ಅಡುಗೆಮನೆಗೆ ನುಗ್ಗುವುದು, ನಾನು ಸಾರಿನ ಮೇಲೆ ತಟ್ಟೆ ಮುಚ್ಚುವೆನು. ಸ್ವಲ್ಪ ಹೊತ್ತಿಗೆ ಆಫ್ ಮಾಡಿ, ಬಾಗಿಲು ತೆಗೆದು, ಎಲ್ಲಿಗೋ ಹೋಗಿಬಂದವರಂತೆ ಕಾಲು ತೊಳೆದುಕೊಂಡು ಒಳಗೆ ಬರುವರು. ಒಳಗೆ ಬರುವ ಮುಂಚೆ ಒಮ್ಮೆ ಕೆಮ್ಮುವರು. ಆ ಕೆಮ್ಮು ನನಗಾಗಿ.

ನಮ್ಮ ಕಡೆ ತಮ್ಮನ ಹೆಂಡತಿ ಭಾವನೆದುರು ನಿಂತು ಮಾತಾಡುವುದಿಲ್ಲ. ಈಗಿನವರು ನಗಬಹುದು. ನಾನು ಈ ಮನೆ ತುಂಬಿದಾಗ ಅತ್ತೆ ಕಲಿಸಿದ ಮೊದಲ ಪಾಠ ಅದು, ಅತ್ತೆ ಹೋದರೂ ಪಾಠ ಉಳಿಯಿತು. ಅವರು ನಡುಮನೆಯಲ್ಲಿದ್ದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ. ಬಡಿಸಬೇಕಾದಾಗ ಸೆರಗು ಎಳೆದುಕೊಂಡು ಬಡಿಸಿ ಒಳಗೆ ಸೇರಿಕೊಳ್ಳುವುದು. ಇಬ್ಬರ ನಡುವೆ ಮಾತು ಹೊರುವುದಕ್ಕೆ ಇದ್ದವಳು ನನ್ನ ಮಗಳು ಸವಿತ. ‘ಮೊಗಾ, ನಿಮ್ಮವ್ವಂಗೆ ಏಳು, ಸಾರಿಗೆ ಉಪ್ಪು ವಸಿ ಕಮ್ಮಿ’ ಎಂದು ಅವರು ಹೇಳುವರು, ನಾನು ಬಾಗಿಲ ಈಚೆಯಿಂದಲೇ ಕೇಳಿಸಿಕೊಂಡು ಉಪ್ಪಿನ ಮರಿಗೆಯನ್ನು ಸವಿತಳ ಕೈಗೆ ಕೊಡುವೆನು. ಅವಳು ಓದುತ್ತಿದ್ದ ಪುಸ್ತಕ ಬಿಟ್ಟೆದ್ದು ಗೊಣಗುವಳು: ‘ದೊಡ್ಡಪ್ಪ ಏಳಿದ್ದು ನಿನ್ ಕಿವೀಗೆ ಬೀಳ್ನಿಲ್ವಾ ಅವ್ವ?’ ಬಿದ್ದಿರುತ್ತಿತ್ತು. ಆದರೂ ಅವಳ ಕೈಯಿಂದಲೇ ಹೋಗಬೇಕು. ಅವರಿಗೆ ಹುಚ್ಚೆಳ್ಳು ಚಟ್ನಿ ಇಷ್ಟ, ಬದನೆಕಾಯಿ ಆಗದು, ಬಿಸಿಲು ಜಾಸ್ತಿಯಾದರೆ ತಲೆನೋವು ಬರುತ್ತದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಅವರ ಕಣ್ಣಿನ ಬಣ್ಣ ಗೊತ್ತಿರಲಿಲ್ಲ.

ಸವಿತಳಿಗೆ ಗಂಡು ಗೊತ್ತಾದ ವರ್ಷ ಎಲ್ಲವೂ ಅಲುಗಾಡಿತು. ಗಂಡಿನ ಕಡೆಯವರು ಶ್ರೀರಂಗಪಟ್ಟಣದ ಹತ್ತಿರದವರು, ಒಳ್ಳೆಯ ಜನ. ಮಾತುಕತೆಗೆ ಬಂದಾಗ ಗಂಡಿನ ಚಿಕ್ಕಪ್ಪ ಅಂಗಳದಲ್ಲಿ ನಿಂತು, ಈ ಕಾರು ಯಾರದು, ಇವರು ಯಾರು ಎಂದು ವಿಚಾರಿಸಿದರು. ನಮ್ಮ ಯಜಮಾನರು, ‘ನಮ್ಮಣ್ಣ. ಮೈಸೂರ್ನಾಗಿದ್ರು, ಬಂದವ್ರೆ’ ಎಂದರು.

ಬೇರೆ ಅರ್ಥದಿಂದ ಆಡಿದ ಮಾತಲ್ಲ. ಆದರೆ ಭಾವ ಬಂದು ಆಗಲೇ ವರ್ಷಗಳೇ ಕಳೆದಿದ್ದವು. ಬಂದವರೆ ಎಂದರೆ ನೆಂಟರು ಎಂದಂತೆ. ಬಾಗಿಲ ಹಿಂದಿನಿಂದ ನಾನು ನೋಡುತ್ತಿದ್ದೆ: ಭಾವ ಬಗ್ಗಿ, ಕಾರಿನ ಕನ್ನಡಿಯ ಮೇಲೆ ಇಲ್ಲದ ಧೂಳನ್ನು ಟವೆಲ್ಲಿನಿಂದ ಒರೆಸುತ್ತಿದ್ದರು.

ಮಾರನೆಯ ದಿನ ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು. ಚಪ್ಪರ ಹಾಕಲು ಅಂಗಳ ಬೇಕು, ಕಾರು ಇದ್ದರೆ ಹಸೆಮಣೆಗೂ ಜಾಗವಿಲ್ಲ, ಮದುವೆಗೆ ಮುಂಚೆ ಅದನ್ನು ಬಿಂಡಿಗನವಿಲೆಗೆ ಸಾಗಿಸುವುದೇ ಸರಿ ಎಂದರು. ಬಿಂಡಿಗನವಿಲೆಯಲ್ಲಿ ಇವರಿಬ್ಬರ ದೊಡ್ಡಕ್ಕ ಇದ್ದರು. ಅವರ ಕುರಿ ಕೊಟ್ಟಿಗೆ ಖಾಲಿ ಬಿದ್ದಿತ್ತು. ಯಜಮಾನರು, ‘ಚಪ್ಪರವ ಅತ್ಲಾಗೆ ಸರಿಸ್ಕಂಡ್ರಾಯ್ತದೆ ಬುಡಣ್ಣ’ ಎಂದರು. ಎಲ್ಲಿಗೆ ಸರಿಸುವುದೆಂದು ಅವರಿಗೂ ಗೊತ್ತಿರಲಿಲ್ಲ. ಭಾವ ಮುದ್ದೆ ಮುರಿಯುತ್ತಾ, ‘ಕಾರು ಎಲ್ಲಿರ್ತದೋ ನಾನೂ ಅಲ್ಲೇ ಇರ್ತೀನಿ. ಒಬ್ಬೊಬ್ರು ಒಂದೊಂದ್ ಕಡೆ ಇರಾಕಾಗಾಕಿಲ್ಲ’ ಎಂದರು.

ಬಾಗಿಲ ಈಚೆ ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. ಅಂಗಳ ಬೇಕಿತ್ತು ನನಗೆ. ಮಗಳ ಮದುವೆ ಅದೇ ಅಂಗಳದಲ್ಲಿ ಆಗಬೇಕೆಂಬ ಆಸೆ ಬಹಳ ದಿನದ್ದು. ಅವರು ಹೋಗುವುದು ಬೇಕಿರಲಿಲ್ಲ. ಎರಡರಲ್ಲಿ ಒಂದನ್ನಾದರೂ ಬಾಯಿ ಬಿಟ್ಟು ಹೇಳಬಹುದಾದವಳು ನಾನಾಗಿರಲಿಲ್ಲ. ಸವಿತಳ ಕೈಲಿ ಇಂಥ ಮಾತು ಹೇಳಿಕಳಿಸಲಾಗುವುದಿಲ್ಲ. ಅವಳ ಮದುವೆಗೆ ಸಂಬಂಧಪಟ್ಟ ಮಾತೇ ಅದು.

ಅಂತೂ ಟ್ರೈಲರು ಹುಡುಕುವ ಕೆಲಸ ಶುರುವಾಯಿತು. ಮೊದಲು ಬಂದದ್ದು ನಮ್ಮೂರಿನದೇ ಕಬ್ಬು ಹೊರುವ ಟ್ರೈಲರು, ನಾಲ್ಕು ಚಕ್ರದ್ದು. ಭಾವ ಅದರ ಮುಂದೆ ಮಲಗಿದರು, ಪಕ್ಕದಲ್ಲಿ ಮಲಗಿದರು, ಹಿಂದೆ ಮಲಗಿದರು. ತೊಟ್ಟಿ ಎದೆಯೆತ್ತರಕ್ಕಿದೆ, ಹಲಗೆ ಕೊಟ್ಟರೂ ಏರು ಕಡಿದಾಗುತ್ತದೆ, ಹತ್ತುವಾಗ ಮೂತಿ ತಗುಲುತ್ತದೆ, ಮೂತಿ ಪಾರಾದರೂ ಹಲಗೆ ಮುಗಿಯುವ ಕಡೆ ಹೊಟ್ಟೆ ಕೂತುಬಿಡುತ್ತದೆ ಎಂದರು. ಹಾಗಾದರೆ ಉದ್ದನೆಯ ಹಲಗೆ ಕೊಡೋಣ ಎಂದ ಟ್ರೈಲರಿನವನಿಗೆ, ‘ಉದ್ದದ ಹಲಗೆ ಮಧ್ಯದಾಗೆ ಬಗ್ತದೆ ಕಣ್ಲಾ. ನೀನು ಬಿದ್ರೆ ತಡ್ಕತೀಯ, ಕಾರು ತಡೆಯಾಕಿಲ್ಲ’ ಎಂದರು.

ಆಮೇಲೆ ಕ್ವಾರಿಯವರ ತಗ್ಗಿನ ಗಾಡಿ ನೋಡಿದರು. ಅದು ಮಿಷನ್ನು ಸಾಗಿಸುವ ಗಾಡಿ, ನೆಲಕ್ಕೆ ಹತ್ತಿರವಾಗೇ ಇತ್ತು. ಯಜಮಾನರಿಗೆ ಖುಷಿಯಾಯಿತು. ಭಾವ ಅದರ ತಳದ ಕಬ್ಬಿಣದ ಪಟ್ಟಿಗಳ ನಡುವಿನ ಸಂದನ್ನು ತೋರಿಸಿ, ಕಾರಿನ ಸಣ್ಣ ಗಾಲಿ ಅಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರು. ಹಲಗೆ ಹಾಸಿದರೆ ಎಂದದ್ದಕ್ಕೆ, ಮೇಲುಕೋಟೆಯ ಕಡೆಯ ಏರಿನಲ್ಲಿ ಹಲಗೆ ಜಾರುತ್ತದೆ ಎಂದರು. ಮೊಳೆ ಹೊಡೆದರೆ ಎಂದದ್ದಕ್ಕೆ, ಮೊಳೆ ಟೈರಿಗೆ ನಾಟುತ್ತದೆ ಎಂದರು. ಯಜಮಾನರು ಆ ರಾತ್ರಿ ಮಲಗುವಾಗ, ‘ಅಣ್ಣನ್ನ ಒಪ್ಸೋದ್ಕಿಂತ ಸವಿತಂಗೆ ಗಂಡು ಉಡ್ಕಿದ್ದೇ ಸುಲ್ಬ ಆಯ್ತು ಕಣೆ’ ಎಂದು ನಿಟ್ಟುಸಿರು ಬಿಟ್ಟರು. ನನಗೆ ಒಳಗೊಳಗೇ ಸಮಾಧಾನ. ಚಪ್ಪರದ ದಿನ ಹತ್ತಿರವಾಗುತ್ತಿದೆ ಎಂಬ ಕಳವಳವೂ ಅದರ ಜೊತೆಗೇ ಇತ್ತು. ಅಂಗಳಕ್ಕೆ ಸಗಣಿ ಸಾರಿಸುವಾಗ ಕಾರಿನ ಸುತ್ತ ಬಳಸಿಕೊಂಡು ಸಾರಿಸುತ್ತಿದ್ದೆ. ಕೈ ತಾನಾಗೇ ತಿರುಗುತ್ತಿತ್ತು.

ಮೂರನೆಯದು ಕೆ.ಆರ್. ಪೇಟೆಯದು. ತಮ್ಮಯ್ಯ ಎಂಬವನು ದನದ ವ್ಯಾಪಾರಿಗಳಿಗಾಗಿ ಎತ್ತು ಸಾಗಿಸುವವನು. ಅವನದು ಎರಡು ಚಕ್ರದ ತಗ್ಗಿನ ಟ್ರೈಲರು, ಎತ್ತುಗಳು ಮಗ್ಗುಲಿಗೆ ಬೀಳದಂತೆ ಎರಡೂ ಕಡೆ ಕಬ್ಬಿಣದ ಕಟಕಟೆ. ಅಣ್ಣ ತಮ್ಮ ಇಬ್ಬರೂ ನೋಡಲು ಹೋದರು. ಎರಡು ಚಕ್ರದ್ದಾದರೆ ಭಾರ ಹಿಂದೆ ಬಿದ್ದು ಟ್ರಾಕ್ಟರಿಗೆ ಸಿಕ್ಕಿಸುವ ಮೂಕಿ ಎದ್ದುಬಿಡುತ್ತದೆ ಎಂದು ಭಾವ ತಕರಾರು ತೆಗೆದರಂತೆ. ಎತ್ತಿನ ಗಾಡಿಗೆ ಹಿಂದೆ ಭಾರ ಹೇರಿದರೆ ಮೂಕಿ ಮೇಲಕ್ಕೆ ಹಾರುವುದನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ತಮ್ಮಯ್ಯ, ಕಾರಿನ ಇಂಜಿನ್ನು ಮೂತಿಯೊಳಗೆ ತಾನೇ, ಮೂತಿಯನ್ನು ಟ್ರಾಕ್ಟರಿನ ಕಡೆಗೆ ಕೊಟ್ಟು ನಿಲ್ಲಿಸಿದರೆ ಆಯಿತು ಎಂದನಂತೆ. ಹತ್ತಿಸುವುದು ಹೇಗೆ ಎಂದಾಗ, ಎತ್ತುಗಳನ್ನು ತೋರಿಸಿದನಂತೆ. ಅವನು ಟ್ರೈಲರನ್ನು ಒಂದು ದಿಣ್ಣೆಯ ಬುಡಕ್ಕೆ ಹಿಂದೆ ಹಿಂದೆ ಬಿಟ್ಟುಕೊಂಡು ನಿಲ್ಲಿಸುತ್ತಿದ್ದ. ದಿಣ್ಣೆಯ ನೆತ್ತಿಯೂ ಟ್ರೈಲರಿನ ಹಲಗೆಯೂ ಒಂದೇ ಸಮ. ಎತ್ತುಗಳು ಹತ್ತುತ್ತಲೇ ಇರಲಿಲ್ಲ, ಸುಮ್ಮನೆ ನಡೆದುಹೋಗುತ್ತಿದ್ದವು.

ನಮ್ಮ ಅಂಗಳದ ಮೂಡಲ ಮಗ್ಗುಲಿಗೆ ನಮ್ಮದೇ ಗದ್ದೆ, ಅಂಗಳಕ್ಕಿಂತ ತೊಡೆಮಟ್ಟ ಕೆಳಗೆ. ನಡುವೆ ಒಂದು ಮೋಟು ಮಣ್ಣಿನ ಗೋಡೆ. ಗೋಡೆ ಬಿಚ್ಚಿ, ಟ್ರೈಲರನ್ನು ಗದ್ದೆಗೆ ಇಳಿಸಿ ಅಂಗಳದ ಅಂಚಿಗೆ ಒತ್ತಿ ನಿಲ್ಲಿಸಿದರೆ ಕಾರು ಸಮನೆಲದ ಮೇಲೆ ಹೋದಂತೆ ಹೋಗುತ್ತದೆ. ಬಿಂಡಿಗನವಿಲೆಯಲ್ಲೂ ಅಂಥದೇ ಒಂದು ದಿಣ್ಣೆ ಅಕ್ಕನ ಮನೆಯ ಮುಂದೆಯೇ ಇತ್ತು. ಭಾವ ತಮ್ಮಯ್ಯನ ದಿಣ್ಣೆಯಿಂದ ಟ್ರೈಲರಿನ ಮೇಲಕ್ಕೆ ತಾವೇ ಒಮ್ಮೆ ನಡೆದು ನೋಡಿದರಂತೆ. ಆಮೇಲೆ ‘ಆಯ್ತು’ ಎಂದರಂತೆ. ಯಜಮಾನರು ನಂಬದೆ ಇನ್ನೊಮ್ಮೆ ಕೇಳಿದರಂತೆ. ‘ಆಯ್ತು ಅಂದ್ನಲ್ಲ’ ಎಂದು ಸಿಡುಕಿದರಂತೆ.

ಟ್ರೈಲರು ಬಂದ ದಿನ ನೆತ್ತಿ ಸುಡುವ ಬಿಸಿಲು. ಕುಯಿಲಾಗಿ ಗದ್ದೆ ಒಣಗಿತ್ತು. ಗೋಡೆ ಬಿಚ್ಚಿದರು. ತಮ್ಮಯ್ಯ ಟ್ರಾಕ್ಟರು ಇಳಿಸಿ, ಹಿಂದೆ ಮುಂದೆ ಆಡಿಸಿ ಅಂಚಿಗೆ ಸೇರಿಸಿದ. ಸಂದಿನ ಮೇಲೆ ಹಳೆಯ ಬಾಗಿಲಿನ ಹಲಗೆ ಹಾಸಿದರು. ಭಾವ ಕೆನ್ನೆ ಕೊಟ್ಟು ನೋಡಿದರು, ಉದ್ದ ನೋಡಿದರು, ಅಗಲ ನೋಡಿದರು. ಕಾರಿಗೂ ಕಟಕಟೆಗೂ ನಡುವೆ ಎರಡೂ ಕಡೆ ಅಂಗೈ ತೂರುವಷ್ಟು ಜಾಗ ಉಳಿಯುತ್ತಿತ್ತು. ಸಾಕು ಎಂದರು. ಕೈಮುಗಿದು ಒಳಗೆ ಕೂತು ಚಾಲೂ ಮಾಡಿದರು. ಅಷ್ಟು ವರ್ಷ ನಿಂತಲ್ಲೇ ಗುಡುಗಿದ ಕಾರು ಮೆಲ್ಲಗೆ, ಸದ್ದೇ ಇಲ್ಲದಂತೆ, ಅಂಗಳ ಬಿಟ್ಟು ಹಲಗೆ ದಾಟಿ ಟ್ರೈಲರಿನ ಮೇಲೆ ನಿಂತಿತು. ಎಲ್ಲೂ ತಗುಲಲಿಲ್ಲ. ನೆರೆದವರೆಲ್ಲ ಸಿಳ್ಳೆ ಹಾಕಿದರು. ತಮ್ಮಯ್ಯ ಚಕ್ರಗಳಿಗೆ ಕಲ್ಲು ಕೊಟ್ಟು ಹಗ್ಗ ಬಿಗಿದ.

ಆಮೇಲೆ ಭಾವ ಇಳಿಯಲು ಬಾಗಿಲು ತೆಗೆದರು. ಬಾಗಿಲು ಅಂಗೈಯಗಲ ತೆರೆದು ಕಟಕಟೆಗೆ ಬಡಿದು ನಿಂತಿತು.

ಆ ಕಡೆಯ ಬಾಗಿಲೂ ಹಾಗೇ. ಗಾಜು ಅರ್ಧ ಮಾತ್ರ ಪಕ್ಕಕ್ಕೆ ಸರಿಯುವಂಥದ್ದು, ಕೈ ಹೊರಗೆ ಬಂದೀತು, ಭುಜ ಬಾರದು. ಉದ್ದ, ಅಗಲ, ಮೂತಿ, ಹೊಟ್ಟೆ ಎಲ್ಲವನ್ನೂ ವರ್ಷಗಟ್ಟಲೆ ಅಳೆದವರು ಒಳಗಿರುವ ಮನುಷ್ಯ ಇಳಿಯಬೇಕೆಂಬುದನ್ನು ಅಳೆದಿರಲಿಲ್ಲ. ನೆರೆದವರು ಕಟಕಟೆಯ ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ತಮ್ಮಯ್ಯ, ‘ನಾನು ಎತ್ತು ಸಾಗ್ಸೋನು ನಿಂಗಣ್ಣ. ಎತ್ತಿಗೆ ಬಾಗ್ಲು ಇರಾಕಿಲ್ಲ’ ಎಂದ. ಗದ್ದೆಯ ತುಂಬ ನಗು. ಒಳಗಿನಿಂದ ಭಾವ, ‘ನಕ್ಕಿದ್ದಾಗಿದ್ರೆ ಏಳ್ಲಾ ತಮ್ಮಯ್ಯ, ನಾನೀಗ ಎಂಗೆ ಇಳೀಲಿ?’ ಎಂದರು.

ಕಾರನ್ನು ಹಿಂದಕ್ಕೆ ಅಂಗಳಕ್ಕೇ ಬಿಟ್ಟುಕೊಳ್ಳೋಣ ಎಂದು ನೋಡಿದರೆ ಅದೂ ಆಗುವಂತಿರಲಿಲ್ಲ. ಗದ್ದೆ ಮೇಲೆ ಒಣಗಿತ್ತೇ ಹೊರತು ಒಳಗೆ ಹಸಿಯಿತ್ತು. ಕಾರಿನ ಭಾರಕ್ಕೆ ಟ್ರೈಲರಿನ ಚಕ್ರಗಳು ಹೂತು, ಹಲಗೆ ಅಂಗಳಕ್ಕಿಂತ ಗೇಣು ಕೆಳಗಿಳಿದಿತ್ತು. ಹಿಂದಕ್ಕೆ ಬಿಟ್ಟರೆ ಹೊಟ್ಟೆ ಅಂಚಿಗೆ ಕೂರುತ್ತದೆ. ಮುಂದಕ್ಕೆ ಎಳೆಯಲು ಟ್ರಾಕ್ಟರಿಗೂ ಆಗಲಿಲ್ಲ. ಇನ್ನೊಂದು ಟ್ರಾಕ್ಟರು, ಚಕ್ರದಡಿ ಕೊಡಲು ಕಲ್ಲುಚಪ್ಪಡಿ ತರಬೇಕು ಎಂದು ತಮ್ಮಯ್ಯ, ಯಜಮಾನರು ಇಬ್ಬರೂ ಹೊರಟರು. ಪಾಂಡವಪುರದಿಂದ ವೆಲ್ಡಿಂಗಿನವನನ್ನು ಕರೆತಂದು ಕಟಕಟೆಯನ್ನೇ ಕುಯ್ಯಿಸಿಬಿಡೋಣ ಎಂದೂ ತಮ್ಮಯ್ಯ ಹೇಳಿದ. ಭಾವ ಬೇಡವೆಂದರು. ಯಜಮಾನರು ಹೋಗುವ ಮುಂಚೆ ಕಾರಿನ ನೆತ್ತಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹೋದರು. ನೋಡಲು ಬಂದವರು ಬಿಸಿಲಿಗೆ ಒಬ್ಬೊಬ್ಬರಾಗಿ ಕರಗಿದರು.

ಮಧ್ಯಾಹ್ನ ದಾಟಿತು. ಗದ್ದೆಯಲ್ಲಿ ಭಾವ ಒಬ್ಬರೇ. ಸವಿತಳ ಕೈಲಿ ಊಟ ಕಳಿಸೋಣವೆಂದರೆ, ಮದುವೆ ಗೊತ್ತಾದ ಹುಡುಗಿ ನಡುಹಗಲಲ್ಲಿ ಗದ್ದೆಗೆ ಇಳಿಯಬಾರದೆಂದು ಅವಳನ್ನು ಹೊಸಿಲೊಳಗೇ ಇರಿಸಿದ್ದವಳು ನಾನೇ. ಮುದ್ದೆ ಉಪ್ಸಾರು ಮಾಡಿದ್ದೆ. ಆ ಗಾಜಿನ ಸಂದಿಯಲ್ಲಿ ತಟ್ಟೆ ತೂರುವುದಿಲ್ಲವೆಂದು ನೆನಪಾಗಿ ಮತ್ತೆ ಒಲೆ ಹಚ್ಚಿದೆ. ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಸವರಿ ಸುರುಳಿ ಸುತ್ತಿದೆ. ಸಣ್ಣ ಚೊಂಬಿನಲ್ಲಿ ನೀರು ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರೈಲರಿನ ಚಕ್ರದ ಮೇಲೆ ಕಾಲಿಟ್ಟು ಕಟಕಟೆ ಹಿಡಿದು ಹತ್ತಿದೆ.

ಗಾಜಿನಾಚೆ ಅವರ ಮುಖ ನನ್ನ ಮುಖಕ್ಕೆ ಮೊಳ ದೂರದಲ್ಲಿತ್ತು. ಬೆವರಿ ನೀರಾಗಿದ್ದರು. ತಿರುಗಿಸಿಕೊಳ್ಳಲು ಅವರಿಗೆ ಅಲ್ಲಿ ಜಾಗವಿರಲಿಲ್ಲ, ಬಚ್ಚಿಟ್ಟುಕೊಳ್ಳಲು ನನಗೆ ಬಾಗಿಲಿರಲಿಲ್ಲ.

‘ಮೊಗ ಎಲ್ಲಿ?’ ಎಂದರು.

‘ಒಳಗದೆ. ನಾನೇ ತಂದೆ’ ಎಂದೆ.

ರೊಟ್ಟಿ ತೆಗೆದುಕೊಂಡರು. ತಿನ್ನುವವರೆಗೂ ನಾನು ಕಟಕಟೆಗೆ ಜೋತುಬಿದ್ದೇ ನಿಂತಿದ್ದೆ. ಕಣ್ಣುಗಳು ಬೆಲ್ಲದ ಪಾಕದ ಬಣ್ಣ, ನಮ್ಮ ಯಜಮಾನರದ್ದೇ ಬಣ್ಣ. ಚೊಂಬು ಎತ್ತಿ ನೀರು ಕುಡಿದರು. ಆಗ ಹೇಳಿದೆ. ಧ್ವನಿ ನನಗೇ ಯಾರದೋ ಅನ್ನಿಸಿತು.

‘ಭಾವ, ಕಟಕಟೆ ಕುಯ್ಸಿ ಇಳೀರಿ. ಚಪ್ಪರ ಎಲ್ಲಾರ ಆಕ್ಕೊತೀವಿ. ನೀವು ಓಗಾದ್ ಬ್ಯಾಡ.’

ಅವರು ಸ್ಟೇರಿಂಗ್ ನೋಡುತ್ತಾ ಕೂತರು. ‘ಮೊಗ ಒಂಟೋದ್ಮೇಲೆ ನಿನ್ ತಾವ ಉಪ್ಪು ಕೇಳೋರ್ಯಾರವ್ವ?’ ಎಂದರು.

‘ನನ್ನೇ ಕೇಳಿ’ ಎಂದೆ.

ಸ್ವಲ್ಪ ನಕ್ಕರು. ಕೈಯಲ್ಲಿದ್ದ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಈ ಗಾಡಿ ಬುಟ್ರೆ ನಾನು ಇನ್ನೊಂದ್ ಗಾಡಿ ಒಪ್ಪಾಕಿಲ್ಲ ಕಣವ್ವ. ಅದೇನೋ ಒಂದು ಕೊಂಕು ತೆಗೀತೀನಿ. ನನ್ ಬುದ್ಧಿ ನಂಗೊತ್ತಿಲ್ವಾ? ಸಾಯಾಗಂಟ ನಿಮ್ಮಂಗ್ಳದಾಗೆ ಅಳತೆ ಮಾಡ್ತಾ ಕೂತಿರ್ತೀನಿ. ಮೊಗೀನ್ ಮದ್ವೆ ನಿಂತೋದಾತು. ಓಯ್ತೀನಿ ಬುಡು.’ ಆಮೇಲೆ ಇನ್ನೊಂದು ರೊಟ್ಟಿ ಇದೆಯೇ ಎಂದು ಕೇಳಿದರು. ಇತ್ತು. ಇಳಿದು ಹೋಗಿ ತಂದೆ.

ಬಿಸಿಲು ವಾಲುವ ಹೊತ್ತಿಗೆ ಎರಡು ಟ್ರಾಕ್ಟರುಗಳು ಸೇರಿ ಟ್ರೈಲರನ್ನು ಗದ್ದೆಯಿಂದ ಎಳೆದು ರಸ್ತೆಗೆ ಹತ್ತಿಸಿದವು. ಭಾವ ಒಳಗೇ. ಅಷ್ಟು ದೂರ ಹೀಗೆ ಹೋಗುವುದುಂಟೇ ಎಂದು ಎಲ್ಲರೂ ಹೇಳಿದರು. ಅವರು ಮುಂದಿನ ಗಾಜಿನಲ್ಲಿ ಕಣ್ಣಿಟ್ಟು ಕೂತುಬಿಟ್ಟಿದ್ದರು. ಟ್ರಾಕ್ಟರು ಎಳೆಯುವ ಗಾಡಿಯ ಮೇಲೆ ಕಟ್ಟಿಹಾಕಿದ ಕಾರಿಗೆ ಸ್ಟೇರಿಂಗ್ ಹಿಡಿಯುವ ಅಗತ್ಯವೇನಿತ್ತು? ಎರಡೂ ಕೈಯಲ್ಲಿ ಹಿಡಿದಿದ್ದರು. ಜಗುಲಿಯ ಮುಂದೆ ಹಾದುಹೋಗುವಾಗ ಸವಿತ ಹೊಸಿಲೊಳಗಿನಿಂದಲೇ ಕೈಬೀಸಿದಳು. ಅವರು ಹಾರ್ನ್ ಒತ್ತಿದರು. ಆ ಕಾರಿಗೆ ಹಾರ್ನ್ ಇದೆಯೆಂದು ನನಗೆ ಗೊತ್ತಾದದ್ದು ಅವತ್ತು.

ಮೇಲುಕೋಟೆಯ ಏರು, ಜಕ್ಕನಹಳ್ಳಿ, ನಾಗಮಂಗಲ ದಾಟಿ ಬಿಂಡಿಗನವಿಲೆ ಮುಟ್ಟುವಾಗ ಕತ್ತಲಾಗಿತ್ತಂತೆ. ಟ್ರಾಕ್ಟರಿನ ಮಡ್ಗಾರ್ಡಿನ ಮೇಲೆ ಕೂತು ಹೋಗಿದ್ದ ಯಜಮಾನರು ಮಾರನೆಯ ದಿನ ಬಂದು ಹೇಳಿದರು: ದಿಣ್ಣೆಗೆ ಒತ್ತಿಸಿ ಕಾರು ಹಿಂದಕ್ಕೆ ಇಳಿಸಿದ ಮೇಲೆ ಭಾವ ಬಾಗಿಲು ತೆಗೆದು ಕಾಲು ಹೊರಗಿಟ್ಟರು, ಕಾಲು ನಿಲ್ಲಲಿಲ್ಲ, ಅಲ್ಲೇ ನೆಲದ ಮೇಲೆ ಕೂತರು. ದೊಡ್ಡಕ್ಕ, ‘ಈ ವಯ್ಸಿಗೆ ಆಡೋ ಆಟವೇನ್ಲಾ ಇದು’ ಎಂದು ಬೈಯುತ್ತಾ ಬಿಸಿನೀರು ತಂದು ಕಾಲಿಗೆ ಸುರಿದರು.

ನಮ್ಮ ಅಂಗಳ ಬಯಲಾಯಿತು. ಕಾರು ನಿಂತಿದ್ದ ಜಾಗದ ಮಣ್ಣು ಮಾತ್ರ ಬೇರೆ ಬಣ್ಣ. ಎಷ್ಟು ಸಾರಿಸಿದರೂ ಹೊಂದಿಕೊಳ್ಳಲಿಲ್ಲ. ಮದುವೆಗೆ ಒಂದು ವಾರವಿದ್ದಾಗ ಶಾಮಿಯಾನದವನು ಬಂದು ನೋಡಿ, ಅಂಗಳ ರಸ್ತೆಗಿಂತ ಇಷ್ಟು ತಗ್ಗಿದ್ದರೆ ಬೀಗರು ಎಡವುತ್ತಾರೆ, ತುಂಬಿಸಿಬಿಡಿ ಎಂದ. ತುಂಬಿಸಬಹುದೆಂದು ನಾವು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಮಳೆಯ ನೀರು ಜಗುಲಿಗೆ ನುಗ್ಗುವುದಿಲ್ಲವೇ ಎಂದು ಯಜಮಾನರು ಕೇಳಿದರು. ಜಗುಲಿ ಬೇಕಾದಷ್ಟು ಎತ್ತರವಿದೆ, ಒಂದು ಪೈಪು ಇಟ್ಟರೆ ನೀರು ಗದ್ದೆಗೆ ಹೋಗುತ್ತದೆ ಎಂದ ಅವನು. ಕ್ವಾರಿಯಿಂದ ಎರಡು ಲೋಡು ಮಣ್ಣು ಬಂತು. ಒಂದು ಹಗಲಿನಲ್ಲಿ ಹರಡಿ ನೀರು ಹಾಕಿ ದಮ್ಮಸ್ಸು ಮಾಡಿದರು. ಸಂಜೆಗೆ ಅಂಗಳವೂ ರಸ್ತೆಯೂ ಚಪ್ಪಡಿಯೂ ಒಂದೇ ಸಮ. ಯಜಮಾನರು ರಸ್ತೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು. ಏನು ನೋಡುತ್ತಿದ್ದಾರೆಂದು ನನಗೆ ತಿಳಿಯಿತು, ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮದುವೆಗೆ ಭಾವ ಬಸ್ಸಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಾಗಮಂಗಲದ ಒಂದು ಹಿತ್ತಾಳೆ ದೀಪ, ಸವಿತಳಿಗೆ ಮುಯ್ಯಿ. ರಸ್ತೆ ಬಿಟ್ಟು ಅಂಗಳಕ್ಕೆ ಕಾಲಿಡುವಾಗ ಇಳಿಯುವುದಕ್ಕೆಂದು ಕಾಲು ಮುಂದಿಟ್ಟು, ಇಳಿಯದೆ ನೆಲ ಸಿಕ್ಕಿ, ಒಂದು ಕ್ಷಣ ತಡವರಿಸಿದರು. ಸುತ್ತ ನೋಡಿದರು. ಮಾವಿನ ತೋರಣ ಕಟ್ಟುತ್ತಿದ್ದ ಯಜಮಾನರು ಏಣಿಯ ಮೇಲೆ ಹಾಗೇ ನಿಂತರು. ‘ಚೆಂದಾಗಿ ಅದೆ’ ಎಂದರು ಭಾವ. ಧಾರೆಗೆ ನಿಂತರು, ಬೀಗರ ಪಕ್ಕ ಪಂಕ್ತಿಯಲ್ಲಿ ಕೂತು ಉಂಡರು. ಗಂಡಿನ ಚಿಕ್ಕಪ್ಪ ಕಾರೆಲ್ಲಿ ಎಂದು ಕೇಳಿದಾಗ, ಊರಿಗೆ ಕಳಿಸಿದೆ ಎಂದರು.

ಮಾರನೆಯ ಬೆಳಿಗ್ಗೆ ಸವಿತ ಗಂಡನ ಮನೆಗೆ ಹೊರಟಾಗಿತ್ತು. ಮನೆಯಲ್ಲಿ ಬಾಳೆಲೆಯ ವಾಸನೆ ಉಳಿದಿತ್ತು. ಭಾವನೂ ಹೊರಟರು. ನಾಲ್ಕು ದಿನ ಇರಿ ಎಂದೆ, ಎದುರಿಗೇ ನಿಂತು. ದೊಡ್ಡಕ್ಕ ಒಬ್ಬಳೇ, ಮನೆ ನೋಡುವವರಿಲ್ಲ ಎಂದರು. ಬಸ್ ನಿಲ್ಲುವ ಜಾಗದವರೆಗೂ ಅವರ ಜೊತೆ ನಡೆದೆ. ತಲೆಯ ಮೇಲೆ ಸೆರಗಿತ್ತು, ಆದರೂ ದಾರಿಯುದ್ದಕ್ಕೂ ಕೆಲವರು ತಿರುಗಿ ನೋಡಿದರು. ಬಸ್ಸು ಇನ್ನೂ ಬಂದಿರಲಿಲ್ಲ.

ಅಂಗಳದ ಮಾತನ್ನು ನಾನೇ ಎತ್ತಿದೆ. ಮಣ್ಣು ತುಂಬಿಸಬಹುದೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ, ಶಾಮಿಯಾನದವನು ಹೇಳಬೇಕಾಯಿತು, ಮೊದಲೇ ಗೊತ್ತಾಗಿದ್ದರೆ ಕಾರು ಬೇಕಾದಾಗ ಹೊರಗೆ ಹೋಗಿ ಬೇಕಾದಾಗ ಒಳಗೆ ಬರುತ್ತಿತ್ತು ಎಂದೆ.

‘ನಂಗೆ ಒಳೀದೆ ಏನಿರ್ನಿಲ್ಲ’ ಎಂದರು ಅವರು, ರಸ್ತೆಯ ತಿರುವಿನ ಕಡೆ ನೋಡುತ್ತಾ. ‘ಎಲ್ಡ್ ಲೋಡ್ ಮಣ್ಣಿನ್ ಕೆಲ್ಸ. ಚಪ್ಪಡಿಗೆ ಮೂತಿ ತಗುಲ್ದಾಗ್ಲೇ ಗೊತ್ತಾಯ್ತು.’

‘ಮತ್ಯಾಕೆ ಏಳ್ನಿಲ್ಲ?’

‘ಏಳಿದ್ರೆ ನನ್ ತಮ್ಮ ಮಾರ್ನೇ ದಿನ್ವೇ ತುಂಬುಸ್ಬುಡೋನು ಕಣವ್ವ. ಒಳ್ಳೇವ್ನು ಅವ್ನು. ಆಮೇಲೆ ಕಾರು ಇಲ್ಯಾಕೆ ನಿಂತದೆ, ನಾನ್ಯಾಕೆ ಇಲ್ಲಿವ್ನಿ ಅನ್ನಾಕೆ ನಂಗೆ ಏನು ನೆವ ಇರ್ತಿತ್ತು?’

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತು, ನೀನಿನ್ನು ಹೋಗು ಎಂಬಂತೆ ಕೈ ಆಡಿಸಿದರು. ಆ ವರ್ಷದ ಮಳೆ ಹಿಡಿಯುವ ಮುಂಚೆಯೇ ಬಿಂಡಿಗನವಿಲೆಯಿಂದ ಸುದ್ದಿ ಬಂತು. ಮಲಗಿದಲ್ಲೇ ಹೋಗಿದ್ದರು.

ಈಗಲೂ ಯಾರಾದರೂ ನಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿ ಒಳಗೆ ಬಂದರೆ ಯಜಮಾನರು ತಡೆಯಲಾರದೆ ಆ ಕಥೆ ತೆಗೆಯುತ್ತಾರೆ. ‘ಬರೀ ಎಲ್ಡ್ ಲೋಡ್ ಮಣ್ಣು ಕಣಪ್ಪ. ನಂಗೂ ಒಳೀಲಿಲ್ಲ, ಪಾಪ, ನಮ್ಮಣ್ಣಂಗೂ ಒಳೀಲಿಲ್ಲ. ಒಳ್ದಿದ್ರೆ ಅವ್ರು ಇಲ್ಲೇ ಇರೋರು’ ಎನ್ನುತ್ತಾರೆ. ಬಂದವರು ಹೌದು ಹೌದು ಎನ್ನುತ್ತಾರೆ. ನಾನು ಕಾಫಿಗೆ ನೀರಿಡಲು ಒಳಗೆ ಹೋಗುತ್ತೇನೆ.